ಬೆತ್ತದ ಹೆಣಿಗೆ

ಬೆತ್ತ ಎಂಬ ಮಾತು ಕಿವಿಗೆ ಬಿದ್ದೊಡನೆ ಅಂಗೈಯನ್ನು ಬೆನ್ನ ಹಿಂದಕ್ಕೆ ಒಯ್ಯುವವರು ನಮ್ಮ ಅಧ್ಯಾಪಕ ವರ್ಗದಲ್ಲಿಯೂ ಕೆಲವರು ಇರಬಹುದು. ನಮ್ಮ ತಲೆಮಾರಿನವರಿಗೆ ಆ ಅನುಭವ ಕಡಿಮೆ. ಶಾಲೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ವಿಧಿಸಿದ ಮೇಲೆ ಮೇಷ್ಟರ ಬೆತ್ತ ಬೀರುವಿನ ತಲೆಯ ಮೇಲೇರಿ ಧೂಳು ತಿನ್ನುತ್ತ ಮಲಗಿದೆ. ಆದುದರಿಂದ ವಾಚಕರು ಹೆದರಬೇಕಾದುದಿಲ್ಲ. ನಾನು ಬರೆಯಹೊರಟಿರುವುದು ಮೇಷ್ಟರು ಹಿಡಿಯುವ ಬೆತ್ತವನ್ನು ಕುರಿತಲ್ಲ. ಮೇಷ್ಟರು ಕುಳಿತುಕೊಳ್ಳುವ ಬೆತ್ತವನ್ನು ಕುರಿತು. ಬೆತ್ತದ ಕುರ್ಚಿಯ ಆಸನ ಹರಿದುಹೋದರೆ ಅದನ್ನು ಮತ್ತೆ ಹೆಣೆಯುವುದು ಹೇಗೆ, ಉಳಿದ ಬೆತ್ತದಲ್ಲಿ ಬುಟ್ಟಿ ಮಾಡುವುದು ಹೇಗೆ ಎಂಬುದೇ ಇಲ್ಲಿಯ ವಿಷಯ.

ಬಿ.ಎ. ತರಗತಿಯವನಿಗೆ ಈ ವಿಷಯ ಎಲ್ಲಿಂದ ಬಂತು ಎಂದು ಕೆಲವರಾದರೂ ಕೇಳುವರು. ಅದಕ್ಕೆ ಉತ್ತರ ಹೇಳುವುದೇ ಈ ಲೇಖನದಲ್ಲಿ ನನಗೆ ಕಷ್ಟದ ಭಾಗ. ನಮ್ಮ ಊರು ಹಿರಿಯೂರು ತಾಲ್ಲೂಕಿನ ಐಮಂಗಲ. ನಾವು ಮೇದಾರರು. ನಮ್ಮ ತಂದೆಯವರು ಬಿದಿರು ಸೀಳಿ ಮೊರ, ಬುಟ್ಟಿ, ಮಂಕರಿ, ತಟ್ಟಿಗಳನ್ನು ಮಾಡಿ ಸಂತೆಯಲ್ಲಿ ಮಾರುತ್ತಾರೆ. ಗೌರಿಹಬ್ಬದ ಮುಂಚಿನ ಹದಿನೈದು ದಿನ ನಮ್ಮ ಮನೆಯಲ್ಲಿ ಬಾಗಿನದ ಮೊರಗಳಿಗೆ ಜಾಗ ಬಿಟ್ಟು ಉಳಿದ ಕಡೆ ನಾವು ಮಲಗುವುದು. ನಾನು ಈ ಕಾಲೇಜಿಗೆ ಸೇರಿದ ವರ್ಷ ಪ್ರವೇಶಪತ್ರದಲ್ಲಿ ‘ತಂದೆಯ ಉದ್ಯೋಗ’ ಎಂಬ ಕಡೆ ‘ವ್ಯಾಪಾರ’ ಎಂದು ಬರೆದೆ. ಅದು ಸುಳ್ಳಲ್ಲ, ನಿಜವೂ ಅಲ್ಲ. ಕನ್ನಡ ತರಗತಿಯಲ್ಲಿ ಹನ್ನೆರಡನೆಯ ಶತಮಾನದ ಶರಣ ಮೇದಾರ ಕೇತಯ್ಯನ ಮಾತು ಬಂದು, ಆತನ ವಚನಗಳ ಅಂಕಿತ ‘ಗವರೇಶ್ವರ’ ಎಂದು ಅಧ್ಯಾಪಕರು ವಿವರಿಸುತ್ತಿದ್ದಾಗ, ಎಲ್ಲಿ ಯಾರಾದರೂ ನನ್ನ ಕಡೆ ತಿರುಗಿಯಾರೋ ಎಂದು ಪುಸ್ತಕದಲ್ಲಿ ಮುಖವಿಟ್ಟು ಕುಳಿತಿದ್ದೆ. ಯಾರೂ ತಿರುಗಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ಇರಲಿ. ಮೊದಲು ಬೆತ್ತವೆಂದರೇನೆಂಬುದನ್ನು ತಿಳಿಯೋಣ. ಸಂಸ್ಕೃತದ ‘ವೇತ್ರ’ವೇ ಕನ್ನಡದಲ್ಲಿ ‘ಬೆತ್ತ’ವಾಗಿದೆ. ಕಾಳಿದಾಸನ ಮೇಘದೂತದಲ್ಲಿ ಬರುವ ವೇತ್ರವತಿ ನದಿ, ಇಂದು ಮಧ್ಯಪ್ರದೇಶದಲ್ಲಿ ಬೇತ್ವಾ ಎಂದು ಕರೆಸಿಕೊಳ್ಳುವುದು, ಇದೇ ಮಾತಿನಿಂದ ಹೆಸರು ಪಡೆದಿದೆ. ನಮ್ಮ ಹಿರಿಯೂರಿನ ವೇದಾವತಿಯೂ ಹಾಗೆಯೇ ಇರಬೇಕೆಂದು ನಾನು ಬಹುದಿನ ನಂಬಿದ್ದೆ. ಸಂಸ್ಕೃತ ಬಲ್ಲ ಗೆಳೆಯನೊಬ್ಬ ನಕ್ಕು ತಿದ್ದಿದ. ವೇದಾವತಿಯ ದಡದಲ್ಲಿ ಬೆತ್ತ ಬೆಳೆಯುವ ಮಾತೂ ಇಲ್ಲ. ನಮ್ಮ ಸೀಮೆಯ ಮಳೆ ಎಂಥದೆಂಬುದಕ್ಕೆ ಮಾರಿಕಣಿವೆಯೇ ಸಾಕ್ಷಿ: 1907ರಲ್ಲಿ ಕಟ್ಟಿ ಮುಗಿದ ಆ ಜಲಾಶಯ 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಬೆತ್ತಕ್ಕೆ ಬೇಕಾದುದು ತಿಂಗಳುಗಟ್ಟಲೆ ಬಿಡದೆ ಹೊಯ್ಯುವ ಮಳೆ, ನೆರಳು, ಮತ್ತು ಹತ್ತುವುದಕ್ಕೆ ಎತ್ತರದ ಮರ. ಅದು ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ, ಕೊಡಗು, ದಕ್ಷಿಣ ಕನ್ನಡ, ಶಿವಮೊಗ್ಗ, ಉತ್ತರ ಕನ್ನಡಗಳ ಕಡೆ ಉಂಟು. ಹಂದಿಬೆತ್ತ, ನಾಗಬೆತ್ತ ಎಂದು ಮಲೆನಾಡಿನವರು ಅದರ ಜಾತಿಗಳನ್ನು ಕರೆಯುತ್ತಾರೆ. ನಾಗಬೆತ್ತವನ್ನು ಸಸ್ಯಶಾಸ್ತ್ರಜ್ಞರು ಒಂದು ಹೊಸ ಜಾತಿಯೆಂದು ಗುರುತಿಸಿ ಹೆಸರಿಟ್ಟದ್ದು 1970ರಲ್ಲಿ. ಆಗಲೂ ಊರ ಹೆಸರನ್ನೇ ಉಳಿಸಿ ‘ಕಲಾಮಸ್ ನಾಗಬೆತ್ತೈ’ ಎಂದು ಕರೆದರು.

ಬಿದಿರನ್ನೂ ಬೆತ್ತವನ್ನೂ ಒಂದೇ ಎಂದು ತಿಳಿದವರು ಬಹಳ. ಬಿದಿರು ಹುಲ್ಲಿನ ಜಾತಿ. ಬೆತ್ತ ತಾಳೆ, ತೆಂಗು, ಅಡಕೆಗಳ ಜಾತಿ. ಬಿದಿರಿನ ಒಳಗು ಪೊಳ್ಳು. ಬೆತ್ತದ ಒಳಗೆ ತಿರುಳು ತುಂಬಿದೆ. ಬಿದಿರು ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ, ಬೆತ್ತ ನಿಲ್ಲಲಾರದು. ಅದು ಮುಳ್ಳಿನ ಕವಚ ತೊಟ್ಟು, ಕೊಕ್ಕೆಗಳಿರುವ ಉದ್ದನೆಯ ಚಾವಟಿಗಳನ್ನು ಬೀಸಿ, ಮರದಿಂದ ಮರಕ್ಕೆ ಕಚ್ಚಿಕೊಂಡು ಬೆಳಕಿನ ಕಡೆ ಏರುತ್ತದೆ. ನೂರು ಮೀಟರಿಗೂ ಮೀರಿ ಬೆಳೆದ ಬೆತ್ತಗಳುಂಟು. ಕಡಿಯುವವನು ಮೊದಲು ಬುಡ ಕತ್ತರಿಸಿ, ಆಮೇಲೆ ಅದನ್ನು ಮರದ ಮೇಲಿಂದ ಎಳೆದು, ಮುಳ್ಳಿನ ಕವಚ ಸುಲಿಯಬೇಕು. ಆ ಕವಚ ಹೋದ ಮೇಲೆ ನಮಗೆ ಕಾಣುವ ನಯವಾದ ಹಳದಿ ಕೋಲು ಹೊರಬರುವುದು. ಕೆಲವು ಜಾತಿಯವು ಹಿಂಡಾಗಿ ಬೆಳೆಯುತ್ತವೆ, ಒಂದು ಕೋಲು ಕಡಿದರೆ ಬುಡದಿಂದ ಇನ್ನೊಂದು ಚಿಗುರುತ್ತದೆ. ಮಲಯ, ಸುಮಾತ್ರಗಳಲ್ಲಿ ಬೆಳೆಯುವ ‘ಮನಾನ್’ ಎಂಬ ದಪ್ಪ ಜಾತಿಯದು ಒಂಟಿ ಕಾಂಡ. ಅದನ್ನು ಕಡಿದರೆ ಗಿಡವೇ ತೀರಿತು.

ಇಲ್ಲಿ ಕಾನೂನಿನ ಒಂದು ವಿನೋದವನ್ನು ಹೇಳಬೇಕು. 1927ರ ಭಾರತೀಯ ಅರಣ್ಯ ಕಾಯಿದೆಯಲ್ಲಿ ‘ಮರ’ ಎಂಬ ಮಾತಿನ ಅರ್ಥದೊಳಗೆ ತಾಳೆ, ಬಿದಿರು, ಬೆತ್ತ ಎಲ್ಲವನ್ನೂ ಸೇರಿಸಿದ್ದರು. 2017ರಲ್ಲಿ ತಿದ್ದುಪಡಿ ತಂದು ಬಿದಿರನ್ನು ಆ ಪಟ್ಟಿಯಿಂದ ಬಿಡುಗಡೆ ಮಾಡಿದರು. ಬೆತ್ತ ಮಾತ್ರ ಈಗಲೂ ಅಲ್ಲಿ ಮರವಾಗಿಯೇ ಉಳಿದಿದೆ. ನೆಟ್ಟಗೆ ನಿಲ್ಲಲಾರದ ಗಿಡಕ್ಕೆ ಇಂಥ ಗೌರವ ಬೇರೆಲ್ಲಿ ದೊರೆತೀತು!

ಕಾಡಿನಿಂದ ಬಂದ ಹಸಿ ಬೆತ್ತ ಹಾಗೆಯೇ ಇಟ್ಟರೆ ಬೂಷ್ಟು ಹಿಡಿಯುತ್ತದೆ, ಹುಳು ಕೊರೆಯುತ್ತದೆ. ಆದ್ದರಿಂದ ಅದನ್ನು ಕಾದ ಎಣ್ಣೆಯಲ್ಲಿ ಬೇಯಿಸಿ, ಒಳಗಿನ ನೀರಿನಂಶ ತೆಗೆದು, ಉಜ್ಜಿ ಬಿಸಿಲಲ್ಲಿ ಒಣಗಿಸುವರು. ಬಣ್ಣ ತಿಳಿಯಾಗಲೆಂದು ಗಂಧಕದ ಹೊಗೆ ಕೊಡುವುದೂ ಉಂಟು. ಆಮೇಲೆ ದಪ್ಪ ಕೋಲು ಕುರ್ಚಿಯ ಕಾಲು ಕೈಗಳಿಗೆ ಹೋಗುತ್ತದೆ. ಉಳಿದುದನ್ನು ಸೀಳಿ ಎರಡು ಪದಾರ್ಥ ಮಾಡುತ್ತಾರೆ. ಹೊರಗಿನ ಹೊಳಪಿನ ಸಿಪ್ಪೆಯನ್ನು ತೆಳ್ಳಗೆ ಪಟ್ಟಿ ತೆಗೆದರೆ ಅದು ಆಸನ ಹೆಣೆಯುವ ಎಳೆ. ಒಳಗಿನ ತಿರುಳನ್ನು ದುಂಡಗೆ ಎಳೆದರೆ ಅದು ಬುಟ್ಟಿಯ ಕಡ್ಡಿ. ಸಿಪ್ಪೆಗೆ ಹೊಳಪೂ ಗಟ್ಟಿತನವೂ ಉಂಟು, ಅದು ನೀರನ್ನು ಬೇಗ ಕುಡಿಯದು. ತಿರುಳು ಸ್ಪಂಜಿನಂತೆ ಕುಡಿಯುತ್ತದೆ. ಈ ಎರಡು ಸ್ವಭಾವ ನೆನಪಿನಲ್ಲಿದ್ದರೆ ಮುಂದಿನ ಕೆಲಸದ ಅರ್ಧ ತಿಳಿದಂತೆಯೇ.

ನಮ್ಮ ದೇಶದ ಪೇಟೆಗಳಿಗೆ ಬೆತ್ತ ಅಸ್ಸಾಂ ಮುಂತಾದ ಈಶಾನ್ಯ ರಾಜ್ಯಗಳಿಂದ, ಅಂಡಮಾನಿನಿಂದ, ಹೊರದೇಶಗಳಿಂದ ಬರುತ್ತದೆ. ಲೋಕದಲ್ಲಿ ಅತಿ ಹೆಚ್ಚು ಬೆತ್ತ ಬೆಳೆಯುವ ಇಂಡೊನೇಷ್ಯಾ 2012ರ ಮೊದಲಿನಿಂದ ಕಚ್ಚಾ ಬೆತ್ತವನ್ನು ಹೊರಗೆ ಕಳುಹಿಸುವುದನ್ನು ನಿಲ್ಲಿಸಿತು. ಕುರ್ಚಿ ಮೇಜುಗಳನ್ನು ತಮ್ಮ ದೇಶದವರೇ ಮಾಡಿ ಮಾರಲಿ ಎಂಬುದು ಅವರ ಉದ್ದೇಶ. ಅರ್ಥಶಾಸ್ತ್ರದ ಗೆಳೆಯರು ಇದರ ಲಾಭನಷ್ಟಗಳನ್ನು ಚರ್ಚಿಸಬಹುದು. ನಾನು ಕುರ್ಚಿಗೆ ಬರುತ್ತೇನೆ.

ಯೂರೋಪಿನವರಿಗೆ ಬೆತ್ತದ ಆಸನದ ರುಚಿ ಹತ್ತಿದ್ದು ಹದಿನೇಳನೆಯ ಶತಮಾನದಲ್ಲಿ, ಪೂರ್ವದೇಶಗಳ ವ್ಯಾಪಾರದ ಹಡಗುಗಳು ಬೆತ್ತವನ್ನು ಹೊತ್ತು ತಂದಾಗ. ಆಮೇಲೆ ವಿಯೆನ್ನಾ ನಗರದ ಮೈಕೇಲ್ ಥೋನೆಟ್ ಎಂಬಾತ ಬೀಚ್ ಮರವನ್ನು ಹಬೆಯಲ್ಲಿ ಬಗ್ಗಿಸಿ ಕುರ್ಚಿ ಮಾಡುವ ಉಪಾಯ ಕಂಡುಹಿಡಿದ. 1859ರಲ್ಲಿ ಹೊರಬಂದ ಅವನ ‘14ನೆಯ ನಂಬರಿನ’ ಕುರ್ಚಿಯಲ್ಲಿ ಇದ್ದದ್ದು ಆರು ತುಂಡು ಮರ, ಹತ್ತು ತಿರುಪು, ಎರಡು ನಟ್ಟು, ಮೇಲೊಂದು ಬೆತ್ತದ ಆಸನ. ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ ಮೂವತ್ತಾರು ಕುರ್ಚಿ ಹಿಡಿಯುತ್ತಿತ್ತಂತೆ. ನಮ್ಮಲ್ಲಿ ಬ್ರಿಟಿಷರ ಕಾಲದ ಕಛೇರಿ, ಬಂಗಲೆ, ರೈಲ್ವೆ ನಿಲ್ದಾಣಗಳಿಗೆ ಬೆತ್ತದ ಕುರ್ಚಿ ಬಂದುದಕ್ಕೆ ಕಾರಣವನ್ನು ಹುಡುಕಬೇಕಾಗಿಲ್ಲ. ಬೇಸಗೆಯಲ್ಲಿ ಒಮ್ಮೆ ಕುಳಿತು ನೋಡಿದರೆ ಸಾಕು. ಕೆಳಗಿನಿಂದ ಗಾಳಿ ಆಡುತ್ತದೆ, ಬೆವರು ನಿಲ್ಲದು, ಮೈಯ ಭಾರಕ್ಕೆ ಆಸನ ಸ್ವಲ್ಪ ಜಗ್ಗಿ ಮತ್ತೆ ಮೇಲಕ್ಕೆ ಬರುತ್ತದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೂರು ಗಂಟೆ ಪರೀಕ್ಷೆ ಬರೆದವರಿಗೆ ಈ ವ್ಯತ್ಯಾಸ ಹೇಳಬೇಕಾಗಿಲ್ಲ!

ನಮ್ಮ ಅಜ್ಜ ಈ ಕುರ್ಚಿಗಳನ್ನು ಹೆಣೆಯುವ ಕೆಲಸದಲ್ಲಿ ಗಟ್ಟಿಗ. ಸೈಕಲ್ಲಿಗೆ ಬೆತ್ತದ ಸುರುಳಿ ಕಟ್ಟಿಕೊಂಡು ಹಿರಿಯೂರು, ಚಿತ್ರದುರ್ಗಗಳಿಗೆ ಹೋಗಿ, ಯಾವುದಾದರೊಂದು ಜಗುಲಿಯಲ್ಲಿ ದಿನವಿಡೀ ಕುಳಿತು ಹೆಣೆದು, ರಾತ್ರಿ ಹಿಂತಿರುಗುತ್ತಿದ್ದನಂತೆ. ತಂದೆಯವರು ಅವನಿಂದ ಕಲಿತರು. ಆದರೆ ಅವರ ಕಾಲಕ್ಕೆ ಕುರ್ಚಿಗಳು ಪ್ಲಾಸ್ಟಿಕ್ಕಿಗೆ, ಕಬ್ಬಿಣಕ್ಕೆ ತಿರುಗಿದ್ದವು. ವರ್ಷಕ್ಕೆ ಎರಡೋ ಮೂರೋ ಕುರ್ಚಿ ಬಂದರೆ ಹೆಚ್ಚು.

ಕಳೆದ ವರ್ಷ ಬೇಸಗೆ ರಜೆಯಲ್ಲಿ ಅಂಥದೊಂದು ಕುರ್ಚಿ ನಮ್ಮ ಮನೆಗೆ ಬಂತು. ನಮ್ಮ ತಂದೆಯವರಿಗೆ ನಾಲ್ಕನೆಯ ತರಗತಿಯವರೆಗೆ ಪಾಠ ಹೇಳಿದ, ಈಗ ನಿವೃತ್ತರಾದ ಮೇಷ್ಟರೊಬ್ಬರ ತೇಗದ ಕುರ್ಚಿ. ಆಸನದ ನಡುವೆ ತೂತಾಗಿ, ಅದರ ಮೇಲೆ ಗೋಣಿತಟ್ಟು ಹಾಕಿಕೊಂಡು ಅವರು ಎರಡು ವರ್ಷ ಕುಳಿತಿದ್ದರು. ತಂದೆಯವರು ಆ ವಾರ ಬಿದಿರು ತರಲು ಮಲೆನಾಡಿನ ಕಡೆ ಹೋಗಿದ್ದರು. ಮನೆಯಲ್ಲಿ ಬೆತ್ತದ ಸುರುಳಿ ಒಂದು ತೂಗುಹಾಕಿತ್ತು. ನಾನು ಚಿಕ್ಕಂದಿನಿಂದ ನೋಡಿದ ಕೆಲಸ. ಸಾಲದ್ದಕ್ಕೆ ಮೊಬೈಲಿನಲ್ಲಿ ಒಂದು ಚಲಚ್ಚಿತ್ರ ನೋಡಿ ಆರು ಹಂತಗಳನ್ನು ಕಾಗದದ ಮೇಲೆ ಬರೆದುಕೊಂಡೆ. ಪದವಿ ಓದುವವನಿಗೆ ಇದೇನು ಮಹಾ ಎಂಬ ಜಂಬವೂ ಇತ್ತು. ಎರಡು ದಿನದಲ್ಲಿ ಹೆಣೆದು ಮುಗಿಸಿದೆ. ಎಂಟು ಮೂಲೆಯ ಕಣ್ಣುಗಳು ಸಾಲಾಗಿ ಬಿದ್ದಿದ್ದವು. ತಾಯಿ ನೋಡಿ, ‘ಅಜ್ಜನ ಕೈ ಬಂದಿದೆ’ ಎಂದಳು. ನಾನೇ ಹೊತ್ತುಕೊಂಡು ಹೋಗಿ ಮೇಷ್ಟರ ಜಗುಲಿಯಲ್ಲಿ ಇಟ್ಟೆ. ಅವರು ಮೆಚ್ಚಿ, ಕೈಯಿಂದ ಸವರಿ, ಕುಳಿತರು. ಕಡಲೆಕಾಯಿ ಸುಲಿದಂತೆ ಪಟಪಟನೆ ಸದ್ದಾಯಿತು. ಮೊದಲು ಒಂದೆಳೆ, ಆಮೇಲೆ ನಾಲ್ಕು, ಆಮೇಲೆ ಲೆಕ್ಕವಿಲ್ಲ. ಮೇಷ್ಟರು ಬೀಳಲಿಲ್ಲ, ಎರಡು ಕೈಯಲ್ಲಿ ಕುರ್ಚಿಯ ಕೈಗಳನ್ನು ಹಿಡಿದುಕೊಂಡರು. ಎಪ್ಪತ್ತು ದಾಟಿದ ಮುದುಕರು ಬಿದ್ದಿದ್ದರೆ ಏನಾಗುತ್ತಿತ್ತೋ! ಅವರು ಎದ್ದು ನಿಂತು, ಕೋಪಿಸಿಕೊಳ್ಳದೆ, ‘ನಿಮ್ಮಪ್ಪ ಊರಿಗೆ ಬರಲಿ’ ಎಂದರು. ಆ ಮಾತಿಗಿಂತ ಹಳೆಯ ಕಾಲದ ಬೆತ್ತದೇಟೇ ಮೇಲು.

ತಂದೆಯವರು ಬಂದು ಕುರ್ಚಿಯನ್ನು ಮಗುಚಿ ಹಾಕಿ ಬೆರಳಾಡಿಸಿದರು. ಅವರ ಕಣ್ಣಿಗೆ ಪೊರೆ ಬಂದಿದೆ. ಈಚೆಗೆ ಅವರು ಎಲ್ಲವನ್ನೂ ಮೊದಲು ಬೆರಳಿನಿಂದ ನೋಡುತ್ತಾರೆ. ‘ನೀರು ಎಷ್ಟು ಹೊತ್ತು?’ ಎಂದು ಕೇಳಿದರು. ನಾನು ಎಳೆಗಳನ್ನು ನೀರಿನಲ್ಲಿ ಇಟ್ಟಿರಲಿಲ್ಲ. ಅಂದು ನಮ್ಮ ಬೀದಿಗೆ ನಲ್ಲಿಯ ನೀರು ಬರುವ ದಿನವಲ್ಲ. ಇದ್ದ ಎರಡು ಬಿಂದಿಗೆಯನ್ನು ಬೆತ್ತಕ್ಕೆ ಸುರಿಯಲು ಮನಸ್ಸು ಬಾರದೆ ಕೈಯಿಂದ ಚಿಮುಕಿಸಿ ಒರೆಸಿದ್ದೆ. ಮೇಲೆ ಹೇಳಿದೆನಲ್ಲ, ಹೊಳಪಿನ ಸಿಪ್ಪೆ ನೀರನ್ನು ಬೇಗ ಕುಡಿಯದು. ಹೊರಗೆ ಒದ್ದೆಯಾಗಿ ಕಂಡ ಎಳೆ ಒಳಗೆ ಒಣಗಿಯೇ ಇತ್ತು. ಒಣ ಎಳೆಯನ್ನು ರಂಧ್ರದ ಅಂಚಿನಲ್ಲಿ ಮಡಿಸಿದಾಗ ಕಣ್ಣಿಗೆ ಕಾಣದ ಬಿರುಕು ಬಿಟ್ಟಿತ್ತು. ಭಾರ ಬಿದ್ದಾಗ ಆ ಬಿರುಕೇ ಬಾಯಿ ತೆರೆಯಿತು. ಹರಿದದ್ದೆಲ್ಲ ಅಂಚಿನಲ್ಲಿಯೇ, ನಡುವೆ ಒಂದೆಳೆಯೂ ಹರಿದಿರಲಿಲ್ಲ. ತಂದೆಯವರು ಬೈಯಲಿಲ್ಲ. ಎರಡು ದಿನದ ನನ್ನ ಕೆಲಸವನ್ನು ಕತ್ತಿಯಿಂದ ಸುತ್ತ ಕತ್ತರಿಸಿ, ಚಪಾತಿಯಂತೆ ಎತ್ತಿ ಪಕ್ಕಕ್ಕಿಟ್ಟರು. ಹಾಳಾದ ಬೆತ್ತದ ಬೆಲೆ ಎಷ್ಟೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಆಮೇಲೆ ಅವರು ಕಲಿಸಿದುದನ್ನು ಕ್ರಮವಾಗಿ ಬರೆಯುತ್ತೇನೆ.

ಎಳೆಗಳನ್ನು ಸಡಿಲವಾದ ಸುರುಳಿ ಮಾಡಿ, ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆಯಿಂದ ಇಪ್ಪತ್ತು ನಿಮಿಷದವರೆಗೆ ಮುಳುಗಿಸಿಡಬೇಕು. ಬೆರಳಿಗೆ ಸುತ್ತಿದರೆ ಮುರಿಯದೆ ಸುತ್ತಿಕೊಂಡರೆ ಅದು ಸಿದ್ಧ. ಹೆಚ್ಚು ಒಳ್ಳೆಯದಾಗಲೆಂದು ರಾತ್ರಿಯಿಡೀ ಬಿಟ್ಟರೆ ಬಣ್ಣ ಕಂದಿ, ನಾರು ಎದ್ದು ಎಳೆ ಕೆಡುತ್ತದೆ. ತೆಗೆದ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಒಂದೊಂದಾಗಿ ಎಳೆದುಕೊಳ್ಳಬೇಕು. ನಮ್ಮ ಕಡೆ ಇದು ಬಹಳ ಮುಖ್ಯ. ಹಿರಿಯೂರಿಗೂ ಚಿತ್ರದುರ್ಗಕ್ಕೂ ನಡುವೆ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ಬಸ್ಸಿನಿಂದ ಎಲ್ಲರೂ ನೋಡಿದ್ದಾರೆ. ಅವನ್ನು ತಿರುಗಿಸುವ ಗಾಳಿಯೇ ನಮ್ಮ ಜಗುಲಿಯ ಬೆತ್ತವನ್ನೂ ಒಣಗಿಸುತ್ತದೆ. ಮಲೆನಾಡಿನವನು ಒಮ್ಮೆ ನೆನೆಸಿದರೆ ಸಾಕಾಗುವ ಕೆಲಸಕ್ಕೆ ನಾವು ಮೂರು ಸಲ ಬೆರಳನ್ನು ಒದ್ದೆಮಾಡಿ ಎಳೆಯ ಕೆಳಮೈಯನ್ನು ಸವರಬೇಕು.

ನೀರಿನಲ್ಲಿ ಎಳೆಗಳು ನೆನೆಯುತ್ತಿರುವಾಗ ಚೌಕಟ್ಟಿನ ರಂಧ್ರಗಳನ್ನು ದಬ್ಬಣದಿಂದ ಚುಚ್ಚಿ ಹಳೆಯ ತುಂಡು, ಧೂಳು ಎಲ್ಲವನ್ನೂ ತೆಗೆಯಬೇಕು. ಒಂದೊಂದು ರಂಧ್ರದಲ್ಲಿಯೂ ಆರೆಂಟು ಸಲ ಎಳೆ ಹಾಯಬೇಕಾಗುವುದರಿಂದ ಇಲ್ಲಿ ಸೋಮಾರಿತನ ಮಾಡಿದವನು ಕೊನೆಯಲ್ಲಿ ಅಳುತ್ತಾನೆ. ರಂಧ್ರದ ನಡುವಿನಿಂದ ರಂಧ್ರದ ನಡುವಿಗೆ ಅರ್ಧ ಅಂಗುಲವಿದ್ದರೆ ಸುಮಾರು ಎರಡೂವರೆ ಮಿಲಿಮೀಟರ್ ಅಗಲದ ಎಳೆ ಹೊಂದುತ್ತದೆ. ದೂರ ಹೆಚ್ಚಿದರೆ ಅಗಲವೂ ಹೆಚ್ಚಬೇಕು. ಬಿದಿರಿನ ಚೂಪಾದ ಬೆಣೆಗಳು ಹತ್ತು ಹದಿನೈದು ಕೈಗೆ ಸಿಗುವಂತಿರಲಿ. ಎಳೆಗೂ ಒಂದು ದಿಕ್ಕು ಉಂಟು. ಉಗುರಿನಿಂದ ಅದರ ಬೆನ್ನನ್ನು ಸವರಿದರೆ ಒಂದು ಕಡೆಗೆ ನಯವಾಗಿ ಜಾರುತ್ತದೆ, ಇನ್ನೊಂದು ಕಡೆಗೆ ಗಿಣ್ಣಿನಲ್ಲಿ ತಡೆಯುತ್ತದೆ. ಜಾರುವ ಕಡೆಗೇ ಎಳೆಯಬೇಕು. ಹೊಳಪಿನ ಮೈ ಯಾವಾಗಲೂ ಮೇಲೆ.

ಮೊದಲನೆಯ ಹಂತದಲ್ಲಿ ಹಿಂದಿನ ಪಟ್ಟಿಯ ನಡುರಂಧ್ರದಿಂದ ಮುಂದಿನ ಪಟ್ಟಿಯ ನಡುರಂಧ್ರಕ್ಕೆ ಎಳೆ ಹಾಕಿ, ಕೆಳಗಿಳಿಸಿ, ಪಕ್ಕದ ರಂಧ್ರದಲ್ಲಿ ಮೇಲೆ ತಂದು ಹಿಂದಕ್ಕೆ ಒಯ್ಯಬೇಕು. ತುದಿಗಳು ಜಾರದಂತೆ ಬೆಣೆ ಒತ್ತಬೇಕು. ಕುರ್ಚಿಯ ಮುಂಭಾಗ ಹಿಂಭಾಗಕ್ಕಿಂತ ಅಗಲವಾಗಿದ್ದರೆ ಎರಡು ಪಕ್ಕದಲ್ಲಿ ಗಿಡ್ಡ ಎಳೆಗಳು ಬರುತ್ತವೆ. ಅವೂ ಉಳಿದವಕ್ಕೆ ಸಮಾನಾಂತರವಾಗಿರಬೇಕು. ಎರಡನೆಯ ಹಂತದಲ್ಲಿ ಎಡದಿಂದ ಬಲಕ್ಕೆ, ಮೊದಲಿನವುಗಳ ಮೇಲೆ ಸುಮ್ಮನೆ ಹಾಸುವುದು. ಮೂರನೆಯದು ಮತ್ತೆ ಹಿಂದುಮುಂದಕ್ಕೆ, ಅದೇ ರಂಧ್ರಗಳಲ್ಲಿ, ಮೊದಲ ಎಳೆಯ ಬಲಪಕ್ಕಕ್ಕೆ ಕೂರುವಂತೆ. ಇಲ್ಲಿಯವರೆಗೆ ಹೆಣಿಗೆ ಇಲ್ಲ, ಬರಿಯ ಹಾಸು. ಈ ಮೂರು ಹಂತಗಳನ್ನು ಬಿಗಿಯಾಗಿ ಎಳೆಯುವುದು ಹೊಸಬರ ಎರಡನೆಯ ತಪ್ಪು. ನಾನು ಅದನ್ನೂ ಮಾಡಿದ್ದೆ. ಒದ್ದೆ ಎಳೆ ಒಣಗಿದಾಗ ತಾನಾಗಿಯೇ ಬಿಗಿಯುತ್ತದೆ, ಮುಂದೆ ಹಾಯುವ ಒಂದೊಂದು ಎಳೆಯೂ ಹಿಂದಿನದನ್ನು ಬಿಗಿಯುತ್ತದೆ. ಮೊದಲೇ ಬಿಗಿದಿದ್ದರೆ ಕೊನೆಯ ಹಂತಕ್ಕೆ ಜಾಗವಿರದು, ಹಳೆಯ ಚೌಕಟ್ಟಾಗಿದ್ದರೆ ರಂಧ್ರಗಳ ಸಾಲಿನಲ್ಲಿ ಮರವೇ ಸೀಳಬಹುದು. ಅಂಗೈಯಿಂದ ಒತ್ತಿದರೆ ಹಾಸು ಸ್ವಲ್ಪ ತಗ್ಗಬೇಕು.

ನಾಲ್ಕನೆಯ ಹಂತದಲ್ಲಿ ಹೆಣಿಗೆ ಆರಂಭ. ಎಡದಿಂದ ಬಲಕ್ಕೆ ಹೋಗುವ ಎಳೆ ಮೂರನೆಯ ಹಂತದ ಎಳೆಯ ಮೇಲೆ, ಮೊದಲನೆಯ ಹಂತದ ಎಳೆಯ ಕೆಳಗೆ ಹಾಯುತ್ತ ಸಾಗಬೇಕು. ಇದು ಮುಗಿದಾಗ ಆಸನವೆಲ್ಲ ಜೋಡಿ ಎಳೆಗಳ ಚೌಕಗಳಾಗಿ ಕಾಣುವುದು. ಒದ್ದೆಯಿರುವಾಗಲೇ ಎರಡು ಬೆಣೆಗಳಿಂದ ಆ ಜೋಡಿಗಳನ್ನು ಒತ್ತಿ ಹತ್ತಿರ ಮಾಡಿ ನೇರಮಾಡಬೇಕು.

ಐದನೆಯದು ಮೂಲೆಯಿಂದ ಮೂಲೆಗೆ ಓರೆಯ ಎಳೆ. ಅದು ಉದ್ದದ ಜೋಡಿ, ಅಡ್ಡದ ಜೋಡಿಗಳಲ್ಲಿ ಒಂದರ ಮೇಲೆ, ಇನ್ನೊಂದರ ಕೆಳಗೆ ಹೋಗಬೇಕು. ಯಾವುದರ ಮೇಲೆ, ಯಾವುದರ ಕೆಳಗೆ? ನನ್ನ ಕಾಗದದಲ್ಲಿ ಅದಕ್ಕೆ ಬಾಣದ ಗುರುತುಗಳಿದ್ದವು. ತಂದೆಯವರು ಕಾಗದ ನೋಡುವವರಲ್ಲ. ಎಳೆಯನ್ನು ಎರಡು ಜೋಡಿ ದಾಟಿಸಿ, ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಎಳೆದರು. ‘ಗರಗಸದ ಹಾಗೆ ಉಜ್ಜಿದರೆ ತಪ್ಪು. ಸಂದಿಯೊಳಗೆ ಹಾವಿನ ಹಾಗೆ ಜಾರಿದರೆ ಸರಿ’ ಎಂದರು. ಎರಡನ್ನೂ ನನ್ನ ಕೈಯಲ್ಲಿ ಮಾಡಿಸಿದರು. ವ್ಯತ್ಯಾಸ ಕೂಡಲೆ ತಿಳಿಯುತ್ತದೆ. ತಪ್ಪಾಗಿ ಹಾಯ್ದ ಓರೆ ಎಳೆ ಜೋಡಿಗಳ ಅಂಚಿನ ಮೇಲೆ ಕುಳಿತು, ಪ್ರತಿ ಸಲ ಯಾರಾದರೂ ಕುಳಿತೆದ್ದಾಗ ಅವನ್ನು ಕೊಯ್ಯುತ್ತದೆ. ಸರಿಯಾಗಿ ಹಾಯ್ದದ್ದು ಎರಡು ಜೋಡಿ ಕೂಡುವ ಮೂಲೆಯೊಳಗೆ ಸೇರಿಕೊಂಡುಬಿಡುತ್ತದೆ. ಆರನೆಯ ಹಂತದ ಓರೆ ಎದುರು ದಿಕ್ಕಿನದು, ಮೇಲು ಕೆಳಗಿನ ನಿಯಮವೂ ತಿರುಗುಮುರುಗು. ಮೂಲೆಯ ರಂಧ್ರಗಳಿಗೆ ಎರಡೆರಡು ಓರೆ ಎಳೆ ಬೀಳುವುದುಂಟು. ಈ ಹಂತ ಮುಗಿದಾಗ ಚೌಕವೆಲ್ಲ ಎಂಟು ಮೂಲೆಯ ಕಣ್ಣಾಗುವುದು.

ಈ ಹೆಣಿಗೆಯನ್ನು ತಂದೆಯವರು ಕಣ್ಣುಮುಚ್ಚಿಯೇ ಮಾಡಬಲ್ಲರೆಂದು ನಾನು ಅಂದು ಕಂಡೆ. ಇದರಲ್ಲಿ ಆಶ್ಚರ್ಯವಿಲ್ಲವೆಂದು ಆಮೇಲೆ ಓದಿ ತಿಳಿದೆ. ನಮ್ಮ ದೇಶದಲ್ಲಿಯೂ ಹೊರಗೂ ಅಂಧರಿಗೆ ಕುರ್ಚಿ ಹೆಣೆಯುವ ವಿದ್ಯೆ ಕಲಿಸಿ ಜೀವನೋಪಾಯ ಮಾಡಿಕೊಡುವ ಪದ್ಧತಿ ಬಹುಕಾಲದಿಂದ ಇದೆ. ಬಿದಿರು ಸೀಳುವುದು ಹಾಗಲ್ಲ. ಮಚ್ಚಿನ ಬಾಯಿ ಎಲ್ಲಿದೆಯೆಂದು ಕಣ್ಣು ನೋಡುತ್ತಿರಲೇಬೇಕು. ತಂದೆಯವರ ಎಡಗೈ ಹೆಬ್ಬೆರಳಿನ ಮೇಲೆ ಹೋದ ವರ್ಷದ ಎರಡು ಹೊಸ ಗಾಯದ ಗುರುತುಗಳಿವೆ. ಪೊರೆ ತೆಗೆಸಲು ದಿನ ಗೊತ್ತುಮಾಡಿದ್ದೇವೆ. ಅಲ್ಲಿಯವರೆಗೆ ಸೀಳುವ ಕೆಲಸ ನನ್ನದು.

ಕೊನೆಗೆ ಅಂಚು. ರಂಧ್ರಗಳ ಸಾಲಿನ ಮೇಲೆ ಅಗಲವಾದ ಒಂದು ಪಟ್ಟಿ ಇಟ್ಟು, ಸಣ್ಣ ಎಳೆಯನ್ನು ರಂಧ್ರದಿಂದ ಮೇಲೆ ತಂದು ಪಟ್ಟಿಯನ್ನು ದಾಟಿಸಿ ಅದೇ ರಂಧ್ರಕ್ಕೆ ಇಳಿಸಿ ಬಿಗಿಯುತ್ತ ಹೋಗಬೇಕು. ಕೆಳಗೆ ಉಳಿದ ತುದಿಗಳನ್ನು ಒದ್ದೆ ಮಾಡಿ, ಪಕ್ಕದ ಕುಣಿಕೆಗೆ ಎರಡು ಸುತ್ತು ಸುತ್ತಿ ಗಂಟು ಹಾಕಿ ಕತ್ತರಿಸಬೇಕು. ಎದ್ದ ನಾರುಗಳನ್ನು ದೀಪದ ಉರಿಯ ಮೇಲೆ ಬೇಗನೆ ಆಡಿಸಿ ಸುಡುವುದುಂಟು, ಆದರೆ ಕೈ ನಿಧಾನವಾದರೆ ಆಸನವೂ ಸುಟ್ಟೀತು. ನಾವು ಕತ್ತರಿಯಿಂದ ತೆಗೆದೆವು. ನೆರಳಿನಲ್ಲಿ ಎರಡು ದಿನ ಒಣಗುವವರೆಗೆ ಯಾರೂ ಕೂರಕೂಡದು. ಒಣಗಿದ ಆಸನವನ್ನು ಬೆರಳಿನಿಂದ ಮೀಟಿದರೆ ತಮಟೆಯಂತೆ ಸದ್ದು ಬರಬೇಕು.

ಕುರ್ಚಿಯಿರುವ ಮನೆಯವರಿಗೆ ಒಂದು ಮಾತು. ಆಸನ ಹರಿಯದೆ ಬರಿಯ ಜೋತುಬಿದ್ದಿದ್ದರೆ ಅದನ್ನು ಬದಲಿಸಬೇಕಾಗಿಲ್ಲ. ಕುರ್ಚಿಯನ್ನು ಮಗುಚಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆಳಮೈಗೆ ಅರ್ಧ ಗಂಟೆ ಹಾಸಿ, ಆಮೇಲೆ ನೆರಳಿನಲ್ಲಿ ಒಣಗಲು ಬಿಟ್ಟರೆ ಅದು ತಾನಾಗಿಯೇ ಎಳೆದುಕೊಳ್ಳುತ್ತದೆ. ನೀರು ಮೇಲಿನಿಂದ ಹಾಕಿದರೆ ಪ್ರಯೋಜನವಿಲ್ಲ, ಹೊಳಪಿನ ಮೈ ಕುಡಿಯದು. ಬೆತ್ತದ ಕುರ್ಚಿಯ ಮೇಲೆ ನಿಂತು ಅಟ್ಟದಿಂದ ಡಬ್ಬ ಇಳಿಸುವವರಿಗೆ ಯಾವ ಉಪಾಯವೂ ಇಲ್ಲ.

ಬುಟ್ಟಿಯ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ನಮ್ಮ ಕಡೆಯ ಬುಟ್ಟಿ ಬಿದಿರಿನದು. ಇಲ್ಲವಾದರೆ ಈಚಲ ಗರಿಯದು, ಲಕ್ಕಿ ಕಡ್ಡಿಯ ಪುಟ್ಟಿ. ಬೆತ್ತದ ತಿರುಳುಕಡ್ಡಿಯ ಬುಟ್ಟಿಗೆ ತಳದಲ್ಲಿ ನಾಲ್ಕು ಕಡ್ಡಿಯನ್ನು ನಾಲ್ಕರ ಮೇಲೆ ಶಿಲುಬೆಯಂತೆ ಇಟ್ಟು, ಸಣ್ಣ ಕಡ್ಡಿಯಿಂದ ಸುತ್ತ ಎರಡು ಮೂರು ಸುತ್ತು ಕಟ್ಟಿ, ಆಮೇಲೆ ಕಡ್ಡಿಗಳನ್ನು ಚಕ್ರದ ಅರಗಳಂತೆ ಬಿಡಿಸಬೇಕು. ಒಂದೇ ಕಡ್ಡಿಯಿಂದ ಒಳಗೊಮ್ಮೆ ಹೊರಗೊಮ್ಮೆ ಹೆಣೆಯುವುದಾದರೆ ಅರಗಳ ಸಂಖ್ಯೆ ಬೆಸವಾಗಿರಬೇಕು. ಸಮವಾದರೆ ಎರಡನೆಯ ಸುತ್ತು ಮೊದಲಿನ ಸುತ್ತಿನ ಮೇಲೆಯೇ ಬಿದ್ದು ಹೆಣಿಗೆಯೇ ಆಗದು. ಸಮವಾಗಿದ್ದರೆ ಎರಡು ಕಡ್ಡಿಗಳನ್ನು ಹೊಸೆಯುವಂತೆ ಒಂದನ್ನೊಂದು ದಾಟಿಸುತ್ತ ಹೆಣೆಯಬಹುದು. ತಳ ಸಾಕಷ್ಟು ಆದಾಗ ಅರಗಳನ್ನು ಚೆನ್ನಾಗಿ ನೆನೆಸಿ, ಬುಡದಲ್ಲಿ ಚಿವುಟಿ ಮೇಲಕ್ಕೆ ಮಡಿಸಬೇಕು. ಮಡಿಸುವ ಈ ಒಂದು ಜಾಗದಲ್ಲಿಯೇ ಒಣ ಕಡ್ಡಿ ಮುರಿಯುವುದು. ಕುರ್ಚಿಯ ಪಾಠವೇ ಇಲ್ಲಿಯೂ. ಬೇಕಾದ ಎತ್ತರಕ್ಕೆ ಬಂದ ಮೇಲೆ ಒಂದೊಂದು ಕಡ್ಡಿಯನ್ನೂ ಪಕ್ಕದ್ದರ ಹಿಂದೆ ಬಗ್ಗಿಸಿ, ಮುಂದಿನದರ ಎದುರಿಗೆ ತಂದು, ಒಳಗೆ ಸಿಕ್ಕಿಸಿದರೆ ಬಾಯಂಚು. ಬಿದಿರಿನ ಬುಟ್ಟಿಗೆ ಇರುವ ಬಿರುಸು ಇದಕ್ಕಿಲ್ಲ. ಗೊಬ್ಬರ ಹೊರಲು ಬಾರದು. ಹಣ್ಣು, ಪುಸ್ತಕ, ಕೂಸಿನ ಬಟ್ಟೆಗಳಿಗೆ ಸರಿ. ನನ್ನ ಮೊದಲ ಬುಟ್ಟಿ ಒಂದು ಕಡೆಗೆ ವಾಲಿದೆ. ತಾಯಿ ಅದರಲ್ಲಿ ಈರುಳ್ಳಿ ಇಟ್ಟಿದ್ದಾಳೆ.

ಮೇಷ್ಟರ ಕುರ್ಚಿಯನ್ನು ಈ ಸಲ ನಾವಿಬ್ಬರೂ ಹೊತ್ತುಕೊಂಡು ಹೋದೆವು. ಅವರು ಕೂರುವ ಮೊದಲು ನನ್ನ ಮುಖ ನೋಡಿದರು, ಆಮೇಲೆ ತಂದೆಯವರ ಮುಖ ನೋಡಿದರು, ಆಮೇಲೆ ಮೆಲ್ಲಗೆ ಕುಳಿತರು. ಸದ್ದಿಲ್ಲ. ಇನ್ನೂ ಸ್ವಲ್ಪ ಹಿಂದಕ್ಕೆ ಒರಗಿದರು. ‘ಯಾರು ಹೆಣೆದದ್ದು?’ ಎಂದು ಕೇಳಿದರು. ತಂದೆಯವರು, ‘ಹುಡುಗನದು ಸ್ವಾಮಿ, ನಾನು ನೀರು ಹಾಕಿದೆ’ ಎಂದರು. ಮೇಷ್ಟರು ನಕ್ಕು, ಒಳಗಿನಿಂದ ಹಣ ತರಿಸಿ ನನ್ನ ಕೈಗೆ ಕೊಡಲು ಬಂದರು. ತಂದೆಯವರು ನನ್ನ ಕೈಯನ್ನು ಹಿಡಿದು ಮುಂದಕ್ಕೆ ಚಾಚಿಸಿದರು. ಆ ಮೇಷ್ಟರ ಮುಂದೆ ಅವರು ಹಿಂದೆ ಕೈ ಚಾಚಿದ್ದು ಬೇರೆ ಕಾರಣಕ್ಕೆ ಎಂದು ಇಬ್ಬರಿಗೂ ನೆನಪಿದ್ದಿರಬೇಕು.

ನಮ್ಮ ಕಾಲೇಜಿನ ಗ್ರಂಥಭಂಡಾರದ ಮೂಲೆಯಲ್ಲಿ, ಹಳೆಯ ಪತ್ರಿಕೆಗಳ ಕಟ್ಟಿನ ಹಿಂದೆ, ಎರಡು ಕುರ್ಚಿಗಳಿವೆ. ಆಸನದ ಮೇಲೆ ಪ್ಲೈವುಡ್ ಹಲಗೆ ಹೊಡೆದಿದೆ. ಮೊನ್ನೆ ಒಂದನ್ನು ಮಗುಚಿ ನೋಡಿದೆ. ಚೌಕಟ್ಟಿನ ಸುತ್ತ ರಂಧ್ರಗಳ ಸಾಲು ಇನ್ನೂ ಇದೆ. ಹಿಂದೆ ಹತ್ತೊಂಬತ್ತು, ಮುಂದೆ ಇಪ್ಪತ್ತಮೂರು, ನಡುವೆ ಅರ್ಧ ಅಂಗುಲ. ಮೂರು ರಂಧ್ರಗಳಲ್ಲಿ ಹಳೆಯ ಬೆತ್ತದ ತುಂಡು ಕಚ್ಚಿಕೊಂಡಿದೆ. ಪರೀಕ್ಷೆ ಮುಗಿದ ಮಾರನೆಯ ದಿನದಿಂದ ನನಗೆ ಬಿಡುವು. ಅಧ್ಯಾಪಕರು ಅಪ್ಪಣೆ ಕೊಡುವುದಾದರೆ ಮೊಳೆಗಳನ್ನು ನಾನೇ ಕೀಳುತ್ತೇನೆ. ಎರಡು ಬಿಂದಿಗೆ ನೀರು ಮಾತ್ರ ಒದಗಿಸಿಕೊಡಬೇಕು.